ದನಿಯಿಲ್ಲದ ಗಂಟೆ

ಬೊಲೆಪೋಕೊ, ಗೆಲಾ ದ್ವೀಪ
ಮೇ 9, 2004

ನೆಸ್ಟಾ,

ಈ ಪತ್ರವನ್ನು ಒಬ್ಬಳೇ ಕೂತು ಓದು. ಜೊತೆಯಲ್ಲಿರುವ ಹುಡುಗಿಯರಿಗೆ ಓದಿ ಹೇಳಿ ನಗಬೇಡ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನನಗೇ ಗೊತ್ತು. ಮಿಷನ್ ಶಾಲೆಯ ಮೂರನೇ ತರಗತಿಯಲ್ಲಿ ಮೇಷ್ಟ್ರು ನನ್ನ ಕಿವಿ ಹಿಂಡಿದರು, ನಾನು ಅವರ ಕೈ ಕಚ್ಚಿದೆ. ಅಲ್ಲಿಗೆ ನನ್ನ ಓದು ಮುಗಿಯಿತು.

ವಿಷಯಕ್ಕೆ ಬರುತ್ತೇನೆ. ಒಂಬತ್ತು ವರ್ಷದ ಹಿಂದೆ ನಿಮ್ಮ ಹೊನಿಯಾರಾ ಕಡೆಯಿಂದ ಒಬ್ಬ ಮನುಷ್ಯ ಮೋಟಾರು ದೋಣಿಯಲ್ಲಿ ಇಲ್ಲಿಗೆ ಬಂದಿದ್ದ. ಸಣಕಲ, ಮುಂದಿನ ಒಂದು ಹಲ್ಲು ಚಿನ್ನದ್ದು. ಮನೆಯ ಅಂಗಳದಲ್ಲೇ ಯುದ್ಧದ ಮ್ಯೂಸಿಯಂ ಮಾಡುತ್ತೇನೆ, ಜಪಾನಿನವರು ಅಮೆರಿಕದವರು ಬಿಟ್ಟುಹೋದದ್ದು ಏನಿದ್ದರೂ ಕೊಡಿ ಎಂದು ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದ. ಅವನಿಗೆ ನಾನು ನಾಲ್ಕು ಕಬ್ಬಿಣದ ಟೋಪಿ, ಕೆಲವು ನೀರಿನ ಡಬ್ಬಿ, ಮತ್ತೆ ಕೊಬ್ಬರಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಮೂರು ಫಿರಂಗಿ ಗುಂಡು ಮಾರಿದೆ. ಒಂದೊಂದೂ ಮೊಳದುದ್ದ. ಒಳಗಿನ ಮದ್ದು ತೆಗೆದಾಗಿದೆ, ಮೂರೂ ಖಾಲಿ ಎಂದು ಹೇಳಿದೆ.

ಮೂರರಲ್ಲಿ ಒಂದು ಖಾಲಿಯಲ್ಲ.

ಹೇಗೆ ಗೊತ್ತಾಯಿತು ಎಂದು ಕೇಳಬೇಡ. ಗೊತ್ತಾಯಿತು. ಆವತ್ತಿನಿಂದ ತೆಂಗಿನಕಾಯಿ ಬಿದ್ದರೂ ಎದೆ ಹಾರುತ್ತದೆ. ಆ ಗುಂಡು ಯಾವುದೋ ಅಂಗಳದಲ್ಲಿ ಕೂತಿದೆ. ಅದರ ಮೇಲೆ ಮಕ್ಕಳು ಕುದುರೆಯಾಟ ಆಡುತ್ತಿರಬಹುದು. ಪಕ್ಕದಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕುತ್ತಿರಬಹುದು. ಅರವತ್ತು ವರ್ಷ ಹಳೆಯ ಮದ್ದು ಅದು, ಹಳೆಯದಾದಷ್ಟೂ ಸಿಟ್ಟು ಜಾಸ್ತಿ, ನನ್ನ ಹಾಗೆ.

ನೀನು ಮಾಡಬೇಕಾದ್ದು ಇಷ್ಟು. ಅಲ್ಲಿನ ದೊಡ್ಡ ಮ್ಯೂಸಿಯಂ ಬೇಡ. ಜನರಿಗೆ ಗೊತ್ತಿಲ್ಲದ ಸಣ್ಣಪುಟ್ಟವು ಊರ ಸುತ್ತ ಇವೆಯಲ್ಲ, ರಜೆಯ ದಿನ ಒಂದೊಂದಕ್ಕೂ ಹೋಗು. ಚಿನ್ನದ ಹಲ್ಲಿನವನನ್ನು ಹುಡುಕು. ಖಾಲಿ ಮಾಡಿದ ಗುಂಡಿನ ಬುಡದಲ್ಲಿ ಅರದಿಂದ ಕೊರೆದ ಒಂದು ಗೀಟು ಇರುತ್ತದೆ. ಗೀಟು ಇಲ್ಲದ್ದು ಯಾವುದು ಎಂದು ನೋಡಿ ನನಗೆ ತಿಳಿಸು. ಬಗ್ಗಿ ನೋಡು. ಮುಟ್ಟಬೇಡ. ಮುಟ್ಟಿದೆ ಎಂದು ಗೊತ್ತಾದರೆ ಅಲ್ಲಿಗೇ ಬಂದು ಕಪಾಳಕ್ಕೆ ಹಾಕುತ್ತೇನೆ.

ಜೊಸಾಯಾನ ದೋಣಿಯಲ್ಲಿ ಕಳಿಸುತ್ತಿದ್ದೇನೆ. ಅವನಿಗೂ ಹೇಳಬೇಡ.

ನಿನ್ನ ಸೋದರಮಾವ
ಕ್ಲೆಮೆಂಟ್ ವೊಕಿಯಾ


ಹೊನಿಯಾರಾ
ಮೇ 23, 2004

ಪ್ರೀತಿಯ ಮಾವನಿಗೆ,

ಪತ್ರ ಓದಿ ನಗು ಬರಲಿಲ್ಲ. ಶಿಶುವಿಹಾರದಲ್ಲಿ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಎರಡು ಸಲ ಓದಿದೆ. ಆಮೇಲೆ ಒಂದು ಮಗು ತಟ್ಟೆ ಬೀಳಿಸಿತು, ನಾನು ಕಿರುಚಿಕೊಂಡೆ. ನಿಮ್ಮ ಭಯವನ್ನೂ ದೋಣಿಯಲ್ಲೇ ಕಳಿಸಿಬಿಟ್ಟಿದ್ದೀರಿ.

ನಿನ್ನೆ ಪಶ್ಚಿಮದ ರಸ್ತೆಯಲ್ಲಿ ಟ್ರಕ್ಕು ಹತ್ತಿ ಹೋದೆ. ತೆಂಗಿನ ಸಾಲಿನ ಹಿಂದೆ ಒಂದು ಹುಲ್ಲುಬಯಲು, ಅದರಲ್ಲಿ ರೆಕ್ಕೆ ಮುರಿದ ವಿಮಾನಗಳು. ಅದೇ ಮ್ಯೂಸಿಯಂ. ನೋಡಿಕೊಳ್ಳುವ ಮುದುಕ ಫಿರಂಗಿಯ ನೆರಳಲ್ಲಿ ಅಡಿಕೆ ಜಗಿಯುತ್ತ ಮಲಗಿದ್ದ.

"ಏನವ್ವ, ಒಬ್ಳೇ ಬಂದಿದೀಯ? ಹುಡುಗ ಕೈಕೊಟ್ನಾ?" ಎಂದ.

"ಮ್ಯೂಸಿಯಂ ನೋಡಕ್ಕೆ ಬಂದೆ ಅಜ್ಜ."

"ನಮ್ಮೋರು ಯಾರೂ ಇದನ್ನ ನೋಡಕ್ಕೆ ಬರಲ್ಲ. ಹೊರಗಿನೋರು ಬರ್ತಾರೆ, ಅಳ್ತಾರೆ, ಹೋಗ್ತಾರೆ. ನೀನೂ ಅಳೋಕೆ ಬಂದ್ಯಾ?"

ಅಲ್ಲಿದ್ದ ಗುಂಡುಗಳಿಗೆಲ್ಲ ಬಿಳಿ ಬಣ್ಣ ಬಳಿದು, ಹೊಟ್ಟೆಯಲ್ಲಿ ತೂತು ಕೊರೆದಿದ್ದಾರೆ. ಪೊಲೀಸರು ಬಂದು ಒಂದೊಂದನ್ನೂ ಪರೀಕ್ಷೆ ಮಾಡಿ ತೂತು ಹಾಕಿದ್ದಂತೆ. "ತೂತಿಲ್ಲದ್ದು ಇಟ್ಕೊಂಡ್ರೆ ನನ್ ಹೆಂಡ್ತಿ ಮನೆಗೇ ಸೇರಿಸಲ್ಲ" ಎಂದ. ಮುದುಕನ ಹಲ್ಲೆಲ್ಲ ಕೆಂಪು, ಚಿನ್ನದ್ದು ಒಂದೂ ಇಲ್ಲ.

ಮಾವ, ಆ ತೂತುಗಳನ್ನು ನೋಡಿದಾಗ ನನಗೆ ಅನಿಸಿತು. ನಾವು ಯಾಕೆ ಪೊಲೀಸರಿಗೇ ಹೇಳಬಾರದು? ಅವರ ಕೆಲಸ ಅದೇ ಅಲ್ಲವೇ? ಇನ್ನೊಂದು ಮಾತು. ಖಾಲಿ ಗುಂಡಿನ ಬುಡದಲ್ಲಿ ಗೀಟು ಇರುತ್ತದೆ ಎಂದು ಬರೆದಿದ್ದೀರಿ. ಆ ಗೀಟು ಹಾಕಿದ್ದು ಯಾರು?

ನಿಮ್ಮ ಸೊಸೆ
ನೆಸ್ಟಾ


ಬೊಲೆಪೋಕೊ
ಜೂನ್ 6, 2004

ನೆಸ್ಟಾ,

ಪೊಲೀಸರು ಎಂಬ ಮಾತು ಇನ್ನೊಂದು ಸಲ ಬರೆಯಬೇಡ. ಹೋದ ವರ್ಷ ಹೊರದೇಶದ ಪೊಲೀಸರು ಬಂದು ಬಂದೂಕು, ತೋಟಾ ಎಲ್ಲ ತಂದುಕೊಡಿ ಎಂದರಲ್ಲ. ನಮ್ಮ ಊರಿನವನೊಬ್ಬ ಅಪ್ಪನ ಕಾಲದ ತುಕ್ಕು ಹಿಡಿದ ತೋಟಾ ಒಂದನ್ನು ಮನೆಯಲ್ಲಿಟ್ಟುಕೊಂಡು ಒಳಗೆ ಹೋದ. ಮದ್ದು ತುಂಬಿದ ಗುಂಡನ್ನು ಮಾರಿದವನಿಗೆ ಏನು ಮಾಡುತ್ತಾರೆ? ಹಾರ ಹಾಕುತ್ತಾರೆಯೇ? ಅರವತ್ತೆಂಟು ವರ್ಷಕ್ಕೆ ಜೈಲಿನಲ್ಲಿ ಕೂತು ಅನ್ನ ಮೀನು ತಿನ್ನುವ ಆಸೆ ನನಗಿಲ್ಲ. ಮೊದಲು ನೀನು ಹುಡುಕು. ಸಿಕ್ಕಿದರೆ ನಾನೇ ಬಂದು ನಯವಾಗಿ ಕೇಳಿ ವಾಪಸು ತೆಗೆದುಕೊಂಡು, ಆಳದ ನೀರಿಗೆ ಹಾಕುತ್ತೇನೆ.

ಗೀಟು ಹಾಕಿದ್ದು ಯಾರು ಎಂದು ಕೇಳಿದ್ದೀಯ. ಹಾಕಿದವರು ಹಾಕಿದರು. ನಿನ್ನನ್ನು ಓದಿಸಿದ್ದೇ ತಪ್ಪು.

ಗೀಟಿಗೆ ತುಕ್ಕು ಮುಚ್ಚಿದ್ದರೆ ಇನ್ನೊಂದು ಗುರುತು ಹೇಳುತ್ತೇನೆ. ಖಾಲಿ ಗುಂಡನ್ನು ತಟ್ಟಿದರೆ ಗಂಟೆಯ ಹಾಗೆ ಹಾಡುತ್ತದೆ. ತುಂಬಿದ್ದು ಮೂಕ. ಮರದ ಕೊರಡಿಗೆ ಹೊಡೆದ ಹಾಗೆ ದಪ್ ಎನ್ನುತ್ತದೆ, ಅಷ್ಟೇ. ಇದನ್ನು ತಿಳಿದುಕೊಂಡಿರು ಎಂದು ಬರೆದೆ. ತಟ್ಟಿ ನೋಡು ಎಂದು ಬರೆದಿಲ್ಲ. ತಟ್ಟಿ ನೋಡಿದವರು ಬಂದು ಹೇಳಿದ್ದನ್ನು ನಾನು ಕಂಡಿಲ್ಲ.

ನಿನ್ನ ಅತ್ತೆ ಚೆನ್ನಾಗಿದ್ದಾಳೆ. ನನ್ನ ಮಗ ಎಡ್ವಿನನ ಹೆಂಡತಿ ಬೇರೆ ಅಡುಗೆಮನೆ ಬೇಕು ಎಂದು ಹಟ ಹಿಡಿದಿದ್ದಾಳೆ. ಹೋದ ತಿಂಗಳು ನಾನು ಚರ್ಚಿಗೆ ಹೋಗಿದ್ದಾಗ ಗಂಡ ಹೆಂಡತಿ ಸೇರಿ ಮನೆಯ ಹಿಂದೆ ಹಲಸಿನ ಜಾತಿಯ ಆ ದೊಡ್ಡ ಬ್ರೆಡ್‌ಫ್ರೂಟ್ ಮರ ಇದೆಯಲ್ಲ, ಅದರ ಹತ್ತಿರ ಕಂಬಕ್ಕೆ ಗುಂಡಿ ತೋಡಿದ್ದಾರೆ. ಬೈದೆ. "ಮಾವ, ದೆವ್ವ ಇದೆ ಅಂತೀರಲ್ಲ, ನನ್ ಅಡುಗೆ ವಾಸನೆಗೆ ಅದೇ ಓಡ್‌ಹೋಗತ್ತೆ ಬಿಡಿ" ಎಂದು ಹಲ್ಲು ಕಿಸಿಯುತ್ತಾಳೆ. ಬೇಡ ಎಂದರೆ ಯಾಕೆ ಬೇಡ ಎಂದು ಕೇಳುವ ಕಾಲ.

ಬೇಗ ಹುಡುಕು.

ಕ್ಲೆಮೆಂಟ್ ಮಾವ


ಹೊನಿಯಾರಾ
ಜೂನ್ 27, 2004

ಪ್ರೀತಿಯ ಮಾವನಿಗೆ,

ಚಿನ್ನದ ಹಲ್ಲಿನವನ ಸುಳಿವು ಸಿಕ್ಕಿದೆ. ಎಲ್ಲಿ ಗೊತ್ತೇ? ಗುಂಡು ಬಂದೂಕು ಒಂದೂ ಇಲ್ಲದ ಕಡೆ.

ಇಲ್ಲಿ ಹಳೆಯ ಚರ್ಚಿನ ಹಿಂದೆ ಒಂದೇ ಕೋಣೆಯ ಮ್ಯೂಸಿಯಂ ಇದೆ. ಬಟ್ಟೆ ಅಂಗಡಿಯ ಗೋದಾಮು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಒಳಗೆ ಚಿಪ್ಪಿನ ಹಣದ ಸರ, ಮೀನಿನ ಗಾಳ, ಊಟದ ಮರದ ಬೋಗುಣಿ, ಯಾವನೋ ಬಿಷಪ್ಪನ ಕೊಡೆ. ಗೆಲಾದ ದೋಣಿಯ ಮೂತಿಗೆ ಕಟ್ಟುವ ಬೊಂಬೆ ಕೂಡ ಇದೆ, ಥೇಟ್ ನಿಮ್ಮ ಮುಖ, ಅದೇ ಗಂಟು ಹಾಕಿದ ಹುಬ್ಬು. ನೋಡಿಕೊಳ್ಳುವ ಸಿಸ್ಟರಿಗೆ ಹೇಳಿದೆ. "ಹಾಗಾದ್ರೆ ನಿಮ್ ಮಾವ ಎದುರಿಗೆ ಬಂದ್ರೆ ಅಲೆ ಹಿಂದಕ್ಕೆ ಹೋಗತ್ತೆ ಅನ್ನು" ಎಂದು ನಕ್ಕರು. ಹೌದು ಸಿಸ್ಟರ್ ಎಂದೆ.

ಸಣ್ಣ ಮ್ಯೂಸಿಯಂ ನಡೆಸುವವರೆಲ್ಲ ಒಬ್ಬರನ್ನೊಬ್ಬರು ಬಲ್ಲರು. ಚಿನ್ನದ ಹಲ್ಲು ಎಂದ ಕೂಡಲೇ ಸಿಸ್ಟರ್ ಶಿಲುಬೆ ಗುರುತು ಮಾಡಿಕೊಂಡರು. ಅವನ ಹೆಸರು ಹೆಸೆಕಿಯಾ. ತೀರಿಕೊಂಡು ಮೂರು ವರ್ಷವಾಯಿತು.

"ಹೇಗೆ ಸತ್ತರು?" ಎಂದೆ.

"ಸಕ್ಕರೆ ಕಾಯಿಲೆ ಮಗಳೇ. ಯಾಕೆ, ಹೀಗ್ಯಾಕೆ ಬೆವರ್ತೀಯ?"

ಈಗ ಅವನ ಹೆಂಡತಿ ಎಥೆಲ್ ಎಂಬಾಕೆ ಅದನ್ನು ನಡೆಸುತ್ತಾಳಂತೆ. ಊರಿನ ಪೂರ್ವಕ್ಕೆ, ನದಿ ದಾಟಿ, ಗುಡ್ಡದ ಮೇಲೆ. ನೀರು ಇಳಿದ ಮೇಲೆ ಹೋಗುತ್ತೇನೆ.

ಇನ್ನೊಂದು. ಆ ಮರದ ಹತ್ತಿರ ದೆವ್ವ ಇದೆ ಎಂದು ನನ್ನನ್ನೂ ಹೆದರಿಸಿದ್ದಿರಿ. ಏಳು ವರ್ಷದವಳಿದ್ದಾಗ ಅಲ್ಲಿ ಮನೆಯಾಟ ಆಡುತ್ತ ಒಲೆ ಹೂಡಿದ್ದೆ. ನೀವು ಓಡಿ ಬಂದು ನನ್ನ ರಟ್ಟೆ ಹಿಡಿದು ಎತ್ತಿದಿರಿ. ಹೊಡೆಯುತ್ತೀರಿ ಎಂದುಕೊಂಡೆ. ಹೊಡೆಯಲಿಲ್ಲ. ಒಲೆಯ ಮೇಲೆ ಬರಿಗೈಯಲ್ಲೇ ಮಣ್ಣು ಸುರಿದಿರಿ. ಈಗ ಯಾಕೋ ಅದು ನೆನಪಾಗುತ್ತದೆ.

ನೆಸ್ಟಾ


ಬೊಲೆಪೋಕೊ
ಜುಲೈ 11, 2004

ನೆಸ್ಟಾ,

ನೀರು ಇಳಿದ ಮೇಲೆ ಹೋಗುತ್ತಾಳಂತೆ! ಶಿಶುವಿಹಾರದ ಮಕ್ಕಳ ಜೊತೆ ಇದ್ದು ನೀನೂ ಮಗುವೇ ಆಗಿದ್ದೀಯ. ನೀರಿದ್ದರೆ ಈಜಿಕೊಂಡು ಹೋಗು. ಗೆಲಾದವಳು ಹೌದೋ ಅಲ್ಲವೋ?

ಎರಡು ವಾರವಾಯಿತು, ನಿನ್ನ ಪತ್ರವಿಲ್ಲ. ಪ್ರತಿ ಸಂಜೆ ರೇಡಿಯೊ ಕಿವಿಗೆ ಹಚ್ಚಿಕೊಂಡು ಕೂರುತ್ತೇನೆ. ಹೊನಿಯಾರಾದ ಸುದ್ದಿ ಎಂದರೆ ಸಾಕು, ಮನೆಯವರನ್ನೆಲ್ಲ ಗದರಿಸಿ ಬಾಯಿ ಮುಚ್ಚಿಸುತ್ತೇನೆ. ಆಮೇಲೆ ಅಕ್ಕಿಯ ಬೆಲೆ, ಮಂತ್ರಿಯ ಭಾಷಣ. ಉಸಿರು ಬಿಡುತ್ತೇನೆ. "ನಿಮಗೆ ಯಾವಾಗಿಂದ ಮಂತ್ರಿ ಮೇಲೆ ಇಷ್ಟು ಪ್ರೀತಿ?" ಎಂದು ನಿನ್ನ ಅತ್ತೆ ಕೇಳುತ್ತಾಳೆ.

ಮನೆಯಾಟದ ವಿಷಯ ಈಗ ಯಾಕೆ ತೆಗೆದೆ?

ಹೋಗು. ನೋಡು. ಬರೆ.

ಮಾವ


ಹೊನಿಯಾರಾ
ಜುಲೈ 25, 2004

ಮಾವ,

ಸಿಕ್ಕಿತು.

ನಿನ್ನೆ ಎಥೆಲ್ ಅಜ್ಜಿಯ ಮ್ಯೂಸಿಯಂಗೆ ಹೋಗಿದ್ದೆ. ತಗಡಿನ ಚಪ್ಪರದಡಿ ನಿಮ್ಮ ಕಬ್ಬಿಣದ ಟೋಪಿಗಳು, ಜಪಾನಿ ಸೈನಿಕರ ಬೂಟು, ಹಲ್ಲುಜ್ಜುವ ಬ್ರಷ್ಷು, ಮದ್ದಿನ ಬಾಟಲಿ ಎಲ್ಲ ಇವೆ. ಅಜ್ಜಿ ಪ್ರತಿಯೊಂದನ್ನೂ ಶನಿವಾರ ಶನಿವಾರ ಒರೆಸುತ್ತಾಳೆ. "ಬ್ರಷ್ಷಿನವನಿಗೆ ಅಮ್ಮ ಇದ್ಲಲ್ಲವ್ವ" ಎಂದಳು. ಒಳ್ಳೆಯ ಹೆಂಗಸು. ಅದಕ್ಕೇ ನನಗೆ ಇನ್ನೂ ಹೆದರಿಕೆ.

ನಾನು ಗೇಟು ದಾಟಿದ ಕೂಡಲೇ ಯಾವುದೋ ಗಂಟೆ ಮೊಳಗಿತು. ಟಣ್. ಇನ್ನೊಂದು, ಸ್ವಲ್ಪ ತೆಳು ದನಿ. ಟಿಣ್. ಆಮೇಲೆ ದಪ್.

ತಿರುಗಿ ನೋಡಿದೆ. ಮಾವಿನ ಮರದ ಕೊಂಬೆಗೆ ತಂತಿಯಲ್ಲಿ ಮೂರು ಗುಂಡು ತೂಗಿಬಿಟ್ಟಿದ್ದಾರೆ, ಮೂರಕ್ಕೂ ದಪ್ಪಗೆ ಕೆಂಪು ಬಣ್ಣ. ಬುಡದ ಗೀಟು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅಜ್ಜಿಯ ಮೊಮ್ಮಗಳು ಪ್ರಿಸಿಲಾ, ಆರು ವರ್ಷ, ಎರಡು ಕೈಯಲ್ಲಿ ಲಾರಿಯ ಸ್ಪ್ಯಾನರು ಹಿಡಿದು ನಿಂತಿದ್ದಳು.

"ಮೂರ್ನೇದು ಸೋಮಾರಿ ಅಕ್ಕ, ಎಷ್ಟ್ ಹೊಡೆದ್ರೂ ಹಾಡಲ್ಲ" ಎಂದು ಇನ್ನೊಂದು ಬಾರಿಸಿದಳು. ಜೋರಾಗಿ.

ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಅವಳ ರಟ್ಟೆ ಬಿಗಿಯಾಗಿ ಹಿಡಿದಿದ್ದೆನಂತೆ, ಅತ್ತಳು. ಆವತ್ತು ನೀವು ನನ್ನನ್ನು ಹಿಡಿದ ಹಾಗೆ, ಮಾವ.

ಇಷ್ಟು ವರ್ಷ ಅವು ಚಪ್ಪರದ ಮೂಲೆಯಲ್ಲಿ ಗೋಣಿಯೊಳಗೇ ಇದ್ದವಂತೆ. ಗಂಟೆ ಮಾಡಿದ್ದು ಈ ತಿಂಗಳು. ಆಗಸ್ಟ್ ಏಳಕ್ಕೆ ಯುದ್ಧದ ದಿನ, ಅಮೆರಿಕದ ಮುದಿ ಸೈನಿಕರು ಮೊದಲ ಸಲ ಇವರ ಅಂಗಳಕ್ಕೂ ಬರುತ್ತಾರಂತೆ. ಗುಡ್ಡದ ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬ ಸೈನಿಕನಿಗೂ ಒಂದೊಂದು ಸುತ್ತು ಗಂಟೆ ಬಾರಿಸಬೇಕು. ದಿನಾ ಅಭ್ಯಾಸ ನಡೆಯುತ್ತಿದೆ.

ಅಜ್ಜಿಗೆ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ಗೆಲಾದ ನಮ್ಮವರೊಬ್ಬರು ಮಾರಿದ್ದು, ಅದರಲ್ಲೊಂದು ತುಂಬಿದೆ ಎಂದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

"ಬಾಮ್ಮ ಬಾ. ನನ್ ಗಂಡ ಸತ್ತ ವಾರಕ್ಕೇ ಒಬ್ಬ ಬಂದಿದ್ದ, 'ಅಜ್ಜೀ, ಈ ಟೋಪಿಗೆ ಕಾಯಿಲೆ ಇದೆ, ಮನೇಲಿ ಇಟ್ಕೋಬಾರ್ದು, ನಂಗೆ ಕೊಡಿ' ಅಂತ. ಮಾರನೇ ದಿನ ಅದು ಇನ್ನೊಬ್ಬನ ಮ್ಯೂಸಿಯಂನಲ್ಲಿ! ಈಗ ನೀನು. ಅಮೆರಿಕದೋರು ಬರ್ತಾರೆ ಅಂದ ಕೂಡ್ಲೇ ಗುಂಡಿಗೆ ಜೀವ ಬಂತಾ?"

"ಅಜ್ಜಿ, ದೇವರಾಣೆ."

"ಗೆಲಾದೋರು ಮೀನಿನ ತೂಕಕ್ಕೂ ದೇವರಾಣೆ ಹಾಕ್ತಾರೆ. ಮಾರಿದೋನೇ ಬಂದು ನನ್ ಕಣ್ಣು ನೋಡಿ ಹೇಳ್ಲಿ. ಹೆಸರಿಲ್ಲದೋನ ಮಾತು ನಾನ್ಯಾಕ್ ಕೇಳ್ಲಿ?"

ಸ್ಪ್ಯಾನರನ್ನು ಬಚ್ಚಿಟ್ಟು ಬಂದೆ. ಆದರೆ ಕಬ್ಬಿಣಕ್ಕೆ ಆ ಅಂಗಳದಲ್ಲಿ ಬರವೇ?

ಬನ್ನಿ ಮಾವ. ಕೂಡಲೇ ಬನ್ನಿ.

ನೆಸ್ಟಾ


ಹೊನಿಯಾರಾ
ಜುಲೈ 30, 2004

ಮಾವ,

ಮೇಲಿನ ಪತ್ರ ನನ್ನ ಕೈಯಲ್ಲೇ ಇದೆ. ಗಾಳಿ ಎದ್ದು ಐದು ದಿನವಾಯಿತು, ಜೊಸಾಯಾ ದೋಣಿ ಬಿಡುವುದಿಲ್ಲ ಎನ್ನುತ್ತಾನೆ. ದಿನಾ ಸಂಜೆ ಗುಡ್ಡ ಹತ್ತಿ ಹೋಗುತ್ತೇನೆ, ಮಕ್ಕಳಿಗೆ ಕಥೆ ಹೇಳಿ ಮರದ ಬುಡದಿಂದ ದೂರ ಕೂರಿಸುತ್ತೇನೆ. ಮಕ್ಕಳು ಗಂಟೆಯನ್ನು ಮರೆತ ದಿನ ಅಜ್ಜಿಯೇ ಹೋಗಿ ಬಾರಿಸುತ್ತಾಳೆ, ನನಗೆ ಕೇಳಲಿ ಎಂದೇ.

ಬೇರೆ ದಾರಿಯಿಲ್ಲದೆ ರೇಡಿಯೊ ಕಚೇರಿಗೆ ಹೋದೆ. ದೂರದವರಿಗೆ ಕಳಿಸುವ ಸಂದೇಶಗಳ ಹೊತ್ತಿನಲ್ಲಿ, ಯಾರದೋ ಅಜ್ಜಿ ಸತ್ತ ಸುದ್ದಿ, ಯಾರದೋ ಸೀಮೆಎಣ್ಣೆ ಪೀಪಾಯಿ ಬಂದ ಸುದ್ದಿಯ ನಡುವೆ ಇವತ್ತು ಇದನ್ನು ಓದುತ್ತಾರೆ. ನೀವು ರೇಡಿಯೊ ಹಚ್ಚಿಕೊಂಡು ಕೂತಿರುತ್ತೀರಿ ಎಂಬುದೊಂದೇ ಧೈರ್ಯ.

"ಬೊಲೆಪೋಕೊದ ಕ್ಲೆಮೆಂಟ್ ವೊಕಿಯಾ ಅವರಿಗೆ ಸೊಸೆ ನೆಸ್ಟಾಳಿಂದ. ಮೂರು ಗಂಟೆ ಸಿಕ್ಕಿವೆ. ಒಂದಕ್ಕೆ ದನಿಯಿಲ್ಲ. ಮಕ್ಕಳು ಬಾರಿಸುತ್ತಿದ್ದಾರೆ. ಏಳನೇ ತಾರೀಕಿನೊಳಗೆ ಬನ್ನಿ."

ನೀವು ಬರದಿದ್ದರೆ ಆರನೇ ತಾರೀಕು ನಾನೇ ಪೊಲೀಸರ ಹತ್ತಿರ ಹೋಗುತ್ತೇನೆ. ಆಗ ನಿಮ್ಮ ಹೆಸರು ಹೇಳುತ್ತೇನೆ. ಬೈಯಿರಿ, ಸಹಿಸುತ್ತೇನೆ.

ನೆಸ್ಟಾ


ಬೊಲೆಪೋಕೊ
ಆಗಸ್ಟ್ 22, 2004

ನೆಸ್ಟಾ,

ಎರಡು ವಾರದಿಂದ ನೀನು ಬರೆದಿಲ್ಲ. ಬರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆವತ್ತು ಎಥೆಲಳ ಅಂಗಳದಿಂದ ಹಿಂತಿರುಗಿ ನೋಡದೆ ಹೋದೆಯಲ್ಲ, ಆ ಬೆನ್ನು ನೋಡಿದಾಗಲೇ ಗೊತ್ತಾಯಿತು.

ರೇಡಿಯೊದಲ್ಲಿ ನಿನ್ನ ಮಾತು ಕೇಳಿ ಆ ಗಾಳಿಯಲ್ಲಿ ದೋಣಿ ತಂದದ್ದಕ್ಕೆ ಹೆದರಲಿಲ್ಲ. ಆ ಮಾವಿನ ಮರ ನೋಡಿ ಹೆದರಿದೆ. ನಾನು ಹೋದಾಗ ಗಾಳಿಗೆ ಮೂರೂ ತೂಗಾಡುತ್ತಿದ್ದವು. ಇನ್ನು ನಾಲ್ಕು ಬೆರಳು ಹತ್ತಿರ ಬಂದರೆ ಒಂದಕ್ಕೊಂದು ತಾಕುತ್ತಿದ್ದವು. ಆ ಮುದುಕಿ ಕೆಳಗೆ ನಿಂತು ನನಗೇ ಗದರುತ್ತಾಳೆ.

"ಓಹೋ, ಇವ್ನೇನಾ ಹೆಸರಿಲ್ಲದೋನು? ಅಷ್ಟ್ ದೂರ ನಿಂತ್ಕೊಂಡು ಏನ್ ಮಾತು? ಗಂಡಸಾದ್ರೆ ಹತ್ರ ಬಾ."

"ಗಂಡಸಾಗಿರೋದಕ್ಕೇ ಮೂರೇ ಬೆರಳು ಉಳಿದಿರೋದು ಕಣಮ್ಮ" ಎಂದು ಎಡಗೈ ಎತ್ತಿ ತೋರಿಸಿದೆ.

"ಶಾರ್ಕಾ?"

ಹದಿನೆಂಟು ವರ್ಷದಿಂದ ಎಲ್ಲರಿಗೂ ಶಾರ್ಕ್ ಎಂದೇ ಹೇಳಿದ್ದೇನೆ. ನೀನು ಪಕ್ಕದಲ್ಲಿ ನಿಂತಿದ್ದೆ. ಆ ಹೆಂಗಸು ಸುಳ್ಳನ್ನು ನಂಬುವವಳಲ್ಲ, ಮಕ್ಕಳು ಗೇಟಿನ ಹತ್ತಿರ ನಿಂತಿದ್ದರು. "ಇದೇ ಜಾತಿಯ ಗುಂಡು. ಇದೇ ನನ್ನ ಬೆರಳು ತಿಂತು. ನನ್ನ ಭಾವಮೈದುನನ್ನೂ ತಿಂತು. ಈ ಹುಡುಗಿಯ ಅಪ್ಪ ಅವನು" ಎಂದೆ. ಆಮೇಲೆ ಎಥೆಲ್ ಮಕ್ಕಳನ್ನು ಗುಡ್ಡದ ಕೆಳಗೆ ಕರೆದುಕೊಂಡು ಹೋದಳು. ಪೊಲೀಸರನ್ನು ಕರೆಸಿದ್ದೂ ಅವಳೇ.

ಅವರು ಅದನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು ದೂರ ಒಯ್ದು ಸಿಡಿಸಿದರು. ಠಾಣೆಯಲ್ಲಿ ಕೂತಿದ್ದೆ, ಅಲ್ಲಿಗೂ ಕೇಳಿಸಿತು. ಮೇಜಿನ ಮೇಲಿದ್ದ ಲೋಟ ಅಲ್ಲಾಡಿತು. ಹದಿನೆಂಟು ವರ್ಷದ ಹಿಂದೆ ಕೇಳಿದ ಅದೇ ದನಿ. ಮೂಕ ಎಂದು ಬರೆದಿದ್ದೆನಲ್ಲ, ತಪ್ಪು. ಅದಕ್ಕೆ ಬರುವುದು ಒಂದೇ ಮಾತು.

ಹೊರದೇಶದ ಅಧಿಕಾರಿ ನನ್ನನ್ನು ಬೈಯಲಿಲ್ಲ. ಅಕ್ಟೋಬರಿನಲ್ಲಿ ಕೋರ್ಟಿಗೆ ಬಾ ಎಂದು ಮನೆಗೆ ಕಳಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿನಗೆ ಹೇಳಬೇಕಾದ್ದು ಹೇಳುತ್ತೇನೆ. ಆಮೇಲೆ ನೀನು ಬರೆಯದಿದ್ದರೂ ಸರಿ.

ನಾನೂ ನಿನ್ನ ಅಪ್ಪ ಬಾರ್ನಬಾಸನೂ ಯುದ್ಧದ ಗುಂಡುಗಳ ಮದ್ದು ತೆಗೆದು ಮೀನು ಹೊಡೆಯುತ್ತಿದ್ದೆವು. ಆಗ ಎಲ್ಲರೂ ಮಾಡುತ್ತಿದ್ದರು. ಬಾರ್ನಬಾಸನ ಕೈ ನನ್ನ ಕೈಗಿಂತ ಹಗುರ. ಒಂದು ಖಾಲಿಯಾದ ಕೂಡಲೇ ಬುಡದಲ್ಲಿ ಗೀಟು ಹಾಕುತ್ತಿದ್ದವನು ಅವನೇ. ಆವತ್ತು ಪಕ್ಕದೂರಿನ ಚರ್ಚಿನ ಹಬ್ಬ, ಊರಲ್ಲಿ ಯಾರೂ ಇರಲಿಲ್ಲ. ಆ ಮರದ ಕೆಳಗೆ ಕೂತಿದ್ದೆವು. ಐದು ಗುಂಡೋ ಆರೋ ಇದ್ದವು, ಹಿಂದಿನ ದಿನ ಅವನೇ ತಂದು ಹೂತಿಟ್ಟಿದ್ದ, ಒಂದೊಂದಾಗಿ ಅಗೆದು ಮದ್ದು ತೆಗೆಯುತ್ತಿದ್ದೆವು. ನಾನು ಅಡಿಕೆಗೆ ಸುಣ್ಣ ತರಲು ಎದ್ದು ಹತ್ತು ಹೆಜ್ಜೆ ಹೋಗಿದ್ದೆ. "ಬೇಗ ಬಾರೋ ಮುದುಕ, ನಿಂದೂ ಸೇರಿಸಿ ನಾನೇ ಜಗೀತೀನಿ" ಎಂದ. ತಿರುಗಿದೆ.

ನಿನ್ನ ಅಮ್ಮನೂ ನಾನೂ ಅವನನ್ನು ಚಾಪೆಯಲ್ಲಿ ಸುತ್ತಿ, ದೋಣಿಯಲ್ಲಿಟ್ಟು, ಸಮುದ್ರಕ್ಕೆ ಕೊಟ್ಟೆವು. ಅವನು ಸಾವೊ ದ್ವೀಪದವನು. ಹೆಂಡತಿಯ ಊರಿನಲ್ಲಿ, ಹೆಂಡತಿಯ ಅಣ್ಣನ ಪಕ್ಕದಲ್ಲಿ ಹೀಗೆ ಸತ್ತ ಎಂದು ಗೊತ್ತಾಗಿದ್ದರೆ ಅವನ ಅಣ್ಣತಮ್ಮಂದಿರು ಬಂದು ಜೀವಕ್ಕೆ ಜೀವ ಕೇಳುತ್ತಿದ್ದರು. ಸತ್ತವನ ಮಗಳನ್ನೂ ಒಯ್ಯುತ್ತಿದ್ದರು. ನಿನ್ನನ್ನು ಕೊಡಬೇಡ ಎಂದು ನಿನ್ನ ಅಮ್ಮ ನನ್ನ ಕಾಲು ಹಿಡಿದಳು. ದೋಣಿ ಮಗುಚಿತು ಎಂದೆ, ಶಾರ್ಕ್ ಎಂದೆ. ಸಮುದ್ರಕ್ಕೆ ಕೊಟ್ಟದ್ದು ಸುಳ್ಳಲ್ಲ. ಸಮುದ್ರ ಕೊಂದಿತು ಎಂದದ್ದು ಸುಳ್ಳು. ವರ್ಷಾವರ್ಷ ನೀನು ದಕ್ಕೆಯಲ್ಲಿ ನಿಂತು ಹೂ ಬಿಡುವಾಗ ನಾನು ಟೋಪಿ ತೆಗೆದು ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಉಳಿದವುಗಳಲ್ಲಿ ತುಂಬಿದ್ದ ಒಂದನ್ನು ಅಲ್ಲೇ ಆಳಕ್ಕೆ ಹೂತು, ಖಾಲಿ ಮೂರನ್ನು ಗೋಣಿಯಲ್ಲಿ ಸುತ್ತಿಟ್ಟೆ. ಕೈಯಿಂದ ರಕ್ತ ಸೋರುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಾರಿದ ದಿನವೂ ಆ ಗೋಣಿ ಬಿಚ್ಚಲಿಲ್ಲ. ಬಿಚ್ಚುವ ಧೈರ್ಯ ಇರಲಿಲ್ಲ. ಮೊನ್ನೆ ಮೇನಲ್ಲಿ ಎಡ್ವಿನನ ಹೆಂಡತಿ ಕಂಬದ ಗುಂಡಿಯಲ್ಲಿ ಸಿಕ್ಕಿತು ಎಂದು ಒಂದನ್ನು ಎತ್ತಿಕೊಂಡು ಬಂದು, ತೊಳೆದು, ನನ್ನ ಮುಂದಿಟ್ಟಳು. ಬುಡದಲ್ಲಿ ನಿನ್ನ ಅಪ್ಪನ ಗೀಟು. ನಾನು ಹೂತದ್ದು ಖಾಲಿಯದನ್ನು. ಮಾರಿದ್ದು ತುಂಬಿದ್ದನ್ನು.

ಮುಗಿಯಿತು. ಗುಂಡು ಮಾರಿದ್ದನ್ನಷ್ಟೇ ಪೊಲೀಸರಿಗೆ ಹೇಳಿದ್ದೇನೆ. ಮರದ ವಿಷಯ ಊರಿಗೆ, ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ದೆವ್ವ ಇದೆ ಎಂದು ನಿನಗೆ ಹೇಳಿದ್ದೆನಲ್ಲ, ಅದೂ ಪೂರ್ತಿ ಸುಳ್ಳಲ್ಲ. ಆದರೆ ಇನ್ನು ಬೇಡ ಎನ್ನಲು ನನ್ನ ಹತ್ತಿರ ಕಾರಣವಿಲ್ಲ. ಅಡುಗೆಮನೆ ಎದ್ದು ನಿಂತಿದೆ. ಬರುವ ಭಾನುವಾರ ಚರ್ಚಿನಿಂದ ಬಂದ ಮೇಲೆ ಒಲೆಗುಣಿ ತೋಡಿ, ಕಲ್ಲು ಕಾಯಿಸಿ, ಹಂದಿ ಬೇಯಿಸುತ್ತಾರೆ. ಊರಿಗೆಲ್ಲ ಊಟ. ನೀನಿದ್ದರೆ ಕಸಾವದ ಕಡುಬು ನಿನಗೆ ಇಷ್ಟ.

ನಿನ್ನ ಮಾವ
ಕ್ಲೆಮೆಂಟ್


ಹೊನಿಯಾರಾ
ಆಗಸ್ಟ್ 27, 2004, ಶುಕ್ರವಾರ

ಮಾವ,

ನಿಮ್ಮ ಪತ್ರ ಈಗ ಬಂತು. ಅಪ್ಪನ ಬಗ್ಗೆ ಈಗ ಏನೂ ಬರೆಯಲಾರೆ. ಕೊನೆಯ ಮಾತು ಅಡಿಕೆಯ ಬಗ್ಗೆ ಆಡಿದರು ಎಂದು ಬರೆದಿದ್ದೀರಿ, ಅದನ್ನು ಇಟ್ಟುಕೊಂಡಿದ್ದೇನೆ. ಉಳಿದದ್ದಕ್ಕೆ ಆಮೇಲೆ ಎದುರು ಕೂತು ಜಗಳ ಆಡುತ್ತೇನೆ.

ಐದೋ ಆರೋ ಎಂದು ಬರೆದಿದ್ದೀರಿ.

ಅಪ್ಪನನ್ನು ಕೊಂದದ್ದು ಒಂದು. ಮಾರಿದ್ದು ಮೂರು. ಅಗೆದಾಗ ಸಿಕ್ಕಿದ್ದು ಒಂದು. ಐದೇ ಆದರೆ ಸರಿ. ಆರಾದರೆ? ಹೂತವರು ಅಪ್ಪ. ನಿಮಗೆ ನೆನಪಿಲ್ಲ. ಆ ನೆಲದ ಮೇಲೆ ಕಲ್ಲು ಕೆಂಪಾಗುವ ಹಾಗೆ ಬೆಂಕಿ ಹಾಕುತ್ತಾರೆ, ಸುತ್ತಲೂ ಊರು ಕೂತಿರುತ್ತದೆ, ನೀವು ಕಾರಣವಿಲ್ಲ ಎನ್ನುತ್ತೀರಿ!

ಪೊಲೀಸರ ಹತ್ತಿರ ಹೋಗಿ ಬಂದೆ. ಅವರ ದೋಣಿ ಸೋಮವಾರಕ್ಕೆ ಸಿಗುತ್ತದಂತೆ, ಅವರ ಜೊತೆ ನಾನೂ ಬರುತ್ತೇನೆ. ಜೊಸಾಯಾನೂ ಸೋಮವಾರವೇ ಹೊರಡುವುದು. ಈ ಪತ್ರ ಅವನ ಕೈಯಲ್ಲಿ ಕೊಡುತ್ತೇನೆ, ಭಾನುವಾರದೊಳಗೆ ನಿಮ್ಮನ್ನು ಸೇರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ನೀವೇ ಓದುತ್ತಿದ್ದರೆ ರೇಡಿಯೊ ಕೇಳಿದ್ದೀರಿ ಎಂದು ಅರ್ಥ.

ಹಾಗೆ ಕೂಗಿ ಹೇಳಿದ್ದಕ್ಕೆ ಕ್ಷಮಿಸಬೇಡಿ, ಬೈಯಿರಿ. ಸಾವೊದವರೂ ಕೇಳುತ್ತಾರೆ, ಗೊತ್ತು. ಕೇಳಲಿ. ಇವತ್ತು ಮತ್ತು ನಾಳೆ ಸಂಜೆ ಎರಡೆರಡು ಸಲ ಓದಿ ಎಂದು ರೇಡಿಯೊ ಕಚೇರಿಯ ಹುಡುಗಿಯ ಕೈ ಹಿಡಿದು ಕೇಳಿಕೊಂಡಿದ್ದೇನೆ. ನಾನು ಬರೆದುಕೊಟ್ಟದ್ದು ಇದು.

"ಬೊಲೆಪೋಕೊದ ಕ್ಲೆಮೆಂಟ್ ವೊಕಿಯಾ ಅವರಿಗೆ, ಎಡ್ವಿನನಿಗೆ, ಎಡ್ವಿನನ ಹೆಂಡತಿಗೆ, ಊರಿನ ಎಲ್ಲರಿಗೆ, ನೆಸ್ಟಾಳಿಂದ. ಹೊಸ ಅಡುಗೆಮನೆಯಲ್ಲಿ ಬೆಂಕಿ ಹಚ್ಚಬೇಡಿ. ಗುಂಡಿ ತೋಡಬೇಡಿ. ನನ್ನ ಅಪ್ಪ ಸಮುದ್ರದಲ್ಲಿ ಸಾಯಲಿಲ್ಲ. ಆ ಮರದ ಕೆಳಗೆ ಸತ್ತರು. ಅವರನ್ನು ಕೊಂದದ್ದು ಇನ್ನೂ ಅಲ್ಲಿರಬಹುದು."

ನೆಸ್ಟಾ